ಭಾವನ ಪಿಕಪ್ಪಿನ ಹಿಂಬಾಗಿಲು

ವೆಲ್ಡಿಂಗ್ ಶೆಡ್ ಇಟ್ಟುಕೊಂಡವನು ನಗೋದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಮುರಿದ ಸಾಮಾನು ಹೊತ್ತು ತರುವವರೆಲ್ಲ ಅದರ ಜೊತೆಗೆ ಒಂದು ಕತೆಯನ್ನೂ ಹೊತ್ತೇ ತರುತ್ತಾರೆ. ನೇಗಿಲು ಮುರಿದವನು ಕಲ್ಲನ್ನು ಬೈಯುತ್ತಾನೆ, ಗೇಟು ಮುರಿದವನು ಎಮ್ಮೆಯನ್ನು ಬೈಯುತ್ತಾನೆ. ‘ನಾನೇ ಮುರಿದೆ’ ಅಂದ ಒಬ್ಬನನ್ನೂ ಕುದೂರಿನ ನನ್ನ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷದಲ್ಲಿ ಕಂಡಿಲ್ಲ. ಕೊನೆಗೆ ನಾನೂ ಅದೇ ಸಾಲಿಗೆ ಸೇರಿದೆ.

ಇಲ್ಲಿ ಹೇಳುವುದೆಲ್ಲ ಒಂದೇ ಗಾಡಿಯ ವಿಷಯ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕುದೂರಿಗೆ ಹತ್ತಿರದ ಹಳ್ಳಿಯವನು. ಒಂದು ಹಳೇ ಪಿಕಪ್ಪು ಇಟ್ಟುಕೊಂಡು ಹಸು ಸಾಗಿಸುತ್ತಾನೆ. ಮಾರಿದ ಹಸು, ಕೊಂಡ ಹಸು, ಆಸ್ಪತ್ರೆಗೆ ಹೋಗೋ ಹಸು, ಎಲ್ಲಕ್ಕೂ ಅವನೇ.

ಇನ್ನು ನನ್ನ ಕಣ್ಣಿನ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಸಣ್ಣ ಕೆಲಸಕ್ಕೆ ಮುಖಕ್ಕೆ ಹಿಡಿಯೋ ಗಾಜು ತಗೊಳ್ಳೋದು ಅಂದರೆ ನಮ್ಮ ಕಡೆ ವೆಲ್ಡರುಗಳಿಗೆ ಅವಮಾನ. ಕರಗಿ ಬೆಸೆಯೋ ರಾಡು ಇಟ್ಟು, ಮುಖ ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಚುರ್ ಅನ್ನಿಸಿ, ಸರಿಯಾಗಿ ಬಿತ್ತಾ ಅಂತ ನಡುನಡುವೆ ಕದ್ದು ನೋಡೋದು. ಕಣ್ಣು ಚೆನ್ನಾಗಿದ್ದ ಕಾಲದಲ್ಲೂ ನಾನು ಕಣ್ಣು ಮುಚ್ಚಿಯೇ ಕೆಲಸ ಮಾಡಿದವನು, ಹಾಗಾಗಿ ಅದು ಹೋಗುತ್ತಿದೆ ಅಂತ ಗೊತ್ತಾಗೋದೇ ತಡವಾಯಿತು. ಬಲಗಣ್ಣಿನ ನಡುವೆ ಒಂದು ಮಸುಕು ಕೂತಿತ್ತು. ಯಾವುದನ್ನು ನೋಡಬೇಕೋ ಅದೊಂದು ಬಿಟ್ಟು ಸುತ್ತಲಿನದೆಲ್ಲ ಕಾಣೋದು. ಎಡಗಣ್ಣು ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೇ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ವೆಲ್ಡರಿಗೆ ಕಣ್ಣು ಹೋಯ್ತು ಅಂತ ಸುದ್ದಿ ಹುಟ್ಟಿದರೆ ಆಮೇಲೆ ಶೆಡ್ಡಿನ ಕಡೆ ಯಾರು ತಲೆ ಹಾಕುತ್ತಾರೆ? ನನಗೆ ಬೇರೆ ಕೆಲಸ ಬರುವುದಿಲ್ಲ.

ಡೇರಿ ಸಾಲಿನಲ್ಲಿ

ಪಿಕಪ್ಪಿನ ಹಿಂದಿನ ಡೋರು ಚಿಲಕ ತೆಗೆದರೆ ಧಡ್ ಅಂತ ಬೀಳೋದು. ಆ ಸದ್ದಿಗೆ ಹಸುಗಳು ಬೆದರಿ ಹಗ್ಗ ಕಿತ್ತುಕೊಳ್ಳೋವು. ಒಮ್ಮೆ ಗಬ್ಬದ ಹಸುವೊಂದು ಬೆದರಿ ಮುಗ್ಗರಿಸಿತು. ಅದಕ್ಕೇನೂ ಆಗಲಿಲ್ಲ, ಭಾವ ಮಾತ್ರ ಎರಡು ದಿನ ಅನ್ನ ಬಿಟ್ಟ. ಆಮೇಲೆ ಬೆಂಗಳೂರಿಗೆ ಹೋಗಿ ಡೋರು ನಿಧಾನವಾಗಿ ಇಳಿಸೋ ಒಂದು ಶಾಕು ತಂದ. ನೋಡೋಕೆ ಸೈಕಲ್ ಪಂಪಿನ ಥರ ಇರುತ್ತದೆ. ಒಂದು ತುದಿ ಡೋರಿಗೆ, ಇನ್ನೊಂದು ತುದಿ ಗಾಡಿಯ ಬಾಡಿಗೆ. ಬಾಡಿಯ ಕಡೆ ಅದನ್ನು ಹಿಡಿಯೋಕೆ ಒಂದು ಕಬ್ಬಿಣದ ಬ್ರಾಕೆಟ್ಟು ಬೇಕು. ಆ ಬ್ರಾಕೆಟ್ಟನ್ನು ವೆಲ್ಡ್ ಮಾಡಿಕೊಟ್ಟವನು ನಾನು.

ಮಾರನೇ ಸಂಜೆ ಭಾವನ ಊರಿನಲ್ಲಿ ಪರೀಕ್ಷೆ. ಹಾಲಿನ ಡೇರಿ ಹತ್ತಿರ, ಹಸುವೊಂದನ್ನು ಹತ್ತಿಸಿದ ಗಾಡಿಯನ್ನು ದಿಣ್ಣೆಗೆ ಒರಗಿಸಿ ನಿಲ್ಲಿಸಿದ್ದ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು. ಭಾವ ಚಿಲಕ ತೆಗೆದ. ಡೋರು ಮದುವೆ ಹೆಣ್ಣಿನ ಹಾಗೆ ನಿಧಾನಕ್ಕೆ ತಲೆ ಬಗ್ಗಿಸುತ್ತಾ ಬಂತು. ಅರ್ಧಕ್ಕೆ ಬಂದಾಗ ಬ್ರಾಕೆಟ್ಟು ಕಿತ್ತು ಹಾರಿತು, ಡೋರು ಹಿಂದೆಂದೂ ಬೀಳದಷ್ಟು ಜೋರಾಗಿ ಬಿತ್ತು. ಹಸು ಒಂದೇ ನೆಗೆತಕ್ಕೆ ಇಳಿದು ಓಡಿ, ಜನ ಚದುರಿದ ಮೇಲೆ ಡೇರಿಯ ಬಾಗಿಲಿನಲ್ಲಿ ಮೊದಲನೆಯದಾಗಿ ನಿಂತುಕೊಂಡಿತು.

ಡೇರಿ ಕಾರ್ಯದರ್ಶಿ ಪುಸ್ತಕದಿಂದ ತಲೆ ಎತ್ತಿ ಅದನ್ನೇ ಒಂದು ಗಳಿಗೆ ನೋಡಿದ. “ಕ್ಯಾನಲ್ಲಿ ತನ್ನಿ ಅಂತ ಬೋರ್ಡ್ ಹಾಕಿವ್ನಿ. ಹಿಂಗೆ ಪೂರ್ತಿ ತಂದ್ರೆ ನಾನ್ ಹೆಂಗ್ ಅಳೀಲಿ?” ಅಂದ.

ಬುಧವಾರದ ಕರೆಂಟು

ಕಿತ್ತ ಬ್ರಾಕೆಟ್ಟನ್ನು ಭಾವ ತಂದು ನನ್ನ ಕೈಗೆ ಕೊಟ್ಟ. ಬೆರಳಾಡಿಸಿ ನೋಡಿದೆ. ವೆಲ್ಡಿಂಗು ಜಾಯಿಂಟಿನ ಮೇಲೆ ಬಿದ್ದೇ ಇರಲಿಲ್ಲ, ಪಕ್ಕಕ್ಕೆ ಬಿದ್ದಿತ್ತು. ತಪ್ಪು ನನ್ನದೇ ಅಂತ ಬೆರಳಿಗೆ ಗೊತ್ತಾಯಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

“ಲೋ ವೋಲ್ಟೇಜು ಭಾವ. ಈ ಕರೆಂಟಲ್ಲಿ ಬ್ರಹ್ಮ ಬಂದ್ರೂ ವೆಲ್ಡಿಂಗ್ ಕೂರಕ್ಕಿಲ್ಲ.”

“ಹೌದಾ?” ಅಂದ ಭಾವ. ಅಷ್ಟೇ ಅಂದ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಟೀ ಅಂಗಡಿಯಲ್ಲೂ ಹೇಳಿದೆ, ಕ್ಷೌರದಂಗಡಿಯಲ್ಲೂ ಹೇಳಿದೆ. ಸುದ್ದಿ ಲೈನ್‌ಮನ್ ಕಿವಿಗೂ ಬಿತ್ತು. ಅವನು ಶೆಡ್ಡಿಗೇ ಬಂದ.

“ಅಣ್ಣ, ಯಾವತ್ತು ವೆಲ್ಡ್ ಮಾಡಿದ್ದು ನೀನು?”

“ಬುಧವಾರ.”

“ಬುಧವಾರ ಬೆಳಿಗ್ಗೆಯಿಂದ ಸಂಜೆ ತನಕ ಲೈನ್ ಕೆಲ್ಸ ಇತ್ತು. ಇಡೀ ಕುದೂರಿಗೆ ಕರೆಂಟೇ ಇರ್ಲಿಲ್ಲ.”

“ಹಂಗಾದ್ರೆ ಮಂಗಳವಾರ ಇರ್ಬೇಕು.”

“ಮಂಗಳವಾರ ನಿನ್ ಶೆಡ್ಡು ರಜ.”

ನಾನು ತಲೆ ತಗ್ಗಿಸಿ ಸುತ್ತಿಗೆ ಹುಡುಕೋದಕ್ಕೆ ಶುರುಮಾಡಿದೆ. ಅವನು ಹೋಗುವಾಗ, “ಅಣ್ಣ, ಸುತ್ತಿಗೆ ನಿನ್ ಕೈಲೇ ಐತೆ” ಅಂದ.

ಅವತ್ತೇ ಗಾಡಿ ತರಿಸಿ, ಅದೇ ಬ್ರಾಕೆಟ್ಟನ್ನು ಎರಡನೇ ಸಲ ವೆಲ್ಡ್ ಮಾಡಿ ಕಳಿಸಿದೆ.

ಅಕ್ಕನ ಕೈ

ಇಪ್ಪತ್ತು ದಿನ ಭಾವನ ಸುದ್ದಿಯೇ ಇರಲಿಲ್ಲ. ಆಮೇಲೆ ಒಂದು ಭಾನುವಾರ ನಾನೇ ಅವನ ಊರಿಗೆ ಹೋದೆ. ಅಕ್ಕ ಜಗಲಿ ಮೇಲೆ ಕೂತಿದ್ದಳು. ಬಲಗೈಗೆ ಬಿದಿರಿನ ದಬ್ಬೆ ಇಟ್ಟು ನಾಟಿ ಕಟ್ಟು ಕಟ್ಟಿಸಿಕೊಂಡಿದ್ದಳು. ಕೈ ಊದಿಕೊಂಡಿತ್ತು, ಬಳೆ ಇರಲಿಲ್ಲ.

“ಏನಾಯ್ತಕ್ಕ?” ಅಂದೆ.

ಅಕ್ಕ, “ಬಚ್ಚಲಲ್ಲಿ ಜಾರ್‌ಬುಟ್ಟೆ ಕಣಪ್ಪ” ಅಂದಳು. ಅದೇ ಗಳಿಗೆಯಲ್ಲಿ ಕೊಟ್ಟಿಗೆಯಿಂದ ಬಂದ ಭಾವ, “ಹಸು ಒದ್‌ಬುಡ್ತು ಕಣ್ಲಾ” ಅಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬಚ್ಚಲೋ, ಹಸುವೋ?” ಅಂದೆ.

ಭಾವ ಟವೆಲಿನಲ್ಲಿ ಮುಖ ಒರೆಸಿಕೊಂಡ. “ಬಚ್ಚಲಲ್ಲೇ ಒದೀತು” ಅಂದ.

ನಾನು ನಕ್ಕೆ. ಅಕ್ಕನೂ ನಕ್ಕಳು, ನಗುವಾಗ ಕೈ ನೊಂದು ಹಲ್ಲು ಕಚ್ಚಿದಳು. ನಿಜ ಹೇಳಬೇಕೆಂದರೆ ಅವತ್ತೇ ನನಗೆ ಅರ್ಥವಾಗಿತ್ತು. ಅಂಗಳದಲ್ಲಿ ಗಾಡಿ ನಿಂತಿತ್ತು, ಬ್ರಾಕೆಟ್ಟಿರಬೇಕಾದ ಜಾಗ ಖಾಲಿ ಇತ್ತು. ಹಿಂಡಿ ಮೂಟೆ ಇಳಿಸೋಕೆ ಅಕ್ಕ ಚಿಲಕ ತೆಗೆದಿರಬೇಕು. ಕೇಳಿದರೆ ಉತ್ತರ ಬರುತ್ತದೆ ಅಂತ ಹೆದರಿ ಕೇಳಲಿಲ್ಲ. ಒಡಹುಟ್ಟಿದವಳ ಕೈ ಮುರಿದವನು ಆ ಮನೆಯಲ್ಲಿ ಕೂತು ಕಾಫಿ ಕುಡಿದು ಬಂದೆ. ಆ ಕಾಫಿಯನ್ನೂ ಅವಳು ಎಡಗೈಯಲ್ಲೇ ಕಾಯಿಸಿದ್ದಳು, ಸಕ್ಕರೆ ಬದಲು ಉಪ್ಪು ಬಿದ್ದಿತ್ತು. ಭಾವ ಒಂದು ಗುಟುಕು ಕುಡಿದು, “ಇವತ್ತು ಚೆನ್ನಾಗೈತೆ” ಅಂದ.

ಆ ವಾರವೇ ಮೂರನೇ ಸಲ ವೆಲ್ಡ್ ಮಾಡಿದೆ. ಈ ಸಲ ಗಾಜು ಹಿಡಿದುಕೊಂಡು, ದೇವರಿಗೆ ಕೈ ಮುಗಿದು, ರಾಡಿನ ಮೇಲೆ ರಾಡು ಸುರಿದೆ. ಭಾವ ಗಾಡಿ ತಗೊಂಡು ಹೋದ. ಹತ್ತು ದಿನ ಆಯಿತು, ತಿಂಗಳಾಯಿತು. ಬ್ರಾಕೆಟ್ಟು ಅಲ್ಲಾಡಲಿಲ್ಲ.

ಗೋಡೆ ಓದಿದ್ದು

ಬ್ರಾಕೆಟ್ಟು ನಿಂತಿತು ಅಂತ ಧೈರ್ಯ ಬಂತು. ರಾಡು ತರೋಕೆ ಹೋಗ್ತೀನಿ ಅಂತ ಮನೆಯಲ್ಲಿ ಹೇಳಿ, ರಾಮನಗರಕ್ಕೆ ಬಸ್ಸು ಹತ್ತಿ, ಕಣ್ಣಿನ ಡಾಕ್ಟರ ಹತ್ತಿರ ಹೋದೆ.

ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕಾಯಿಸಿದರು. ಒಳಗೆ ಒಬ್ಬೊಬ್ಬರೂ ಬೋರ್ಡಿನ ಅಕ್ಷರ ಜೋರಾಗಿ ಓದುತ್ತಿದ್ದದ್ದು ಕೇಳುತ್ತಿತ್ತು. ಏಳು ಜನ ಓದಿ ಮುಗಿಸೋ ಹೊತ್ತಿಗೆ ಐದು ಸಾಲೂ ನನಗೆ ಬಾಯಿಪಾಠ. ಸ್ಕೂಲಿನಲ್ಲಿ ಮಗ್ಗಿ ಕೂಡ ಅಷ್ಟು ಬೇಗ ಬಂದಿರಲಿಲ್ಲ.

ಡಾಕ್ಟರಮ್ಮ ಎಡಗಣ್ಣು ಮುಚ್ಚಿಸಿ, “ಎದುರಿಗೆ ನೋಡಿ. ಏನಾದರೂ ಕಾಣ್ತಾ ಇದೆಯಾ?” ಅಂದರು. ನಾನು ಒಂದೇ ಉಸಿರಿಗೆ ಐದು ಸಾಲೂ ಒಪ್ಪಿಸಿದೆ.

ಅವರು ಎದ್ದು ಗೋಡೆಯ ಸ್ವಿಚ್ಚಿನ ಹತ್ತಿರ ಹೋದರು. ಆಮೇಲೆ, “ಒಂದೂ ತಪ್ಪಿಲ್ಲ. ಬೋರ್ಡಿನ ಲೈಟು ಈಗ ಹಾಕ್ತೀನಿ, ಇನ್ನೊಂದು ಸಲ ಓದಿ” ಅಂದರು.

ಲೈಟು ಹಾಕಿದ ಮೇಲೆ ನನಗೆ ಬೋರ್ಡಿನ ಅಂಚು ಕಂಡಿತು, ಅಕ್ಷರ ಕಾಣಲಿಲ್ಲ. ಕಣ್ಣಿನ ಒಳಪರದೆ ನಡುವೆ ಸುಟ್ಟಿದೆ ಅಂದರು. ಬೆಂಕಿಯ ಬೆಳಕು ನೋಡಿ ನೋಡಿ ಆಗಿದ್ದು, ಹೋದದ್ದು ಬರೋದಿಲ್ಲ, ಉಳಿದದ್ದು ಉಳಿಯಬೇಕಾದರೆ ವೆಲ್ಡಿಂಗ್ ಬಿಡಿ ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಆಮೇಲೆ ಭಾವನ ಗಾಡಿ ನೆನಪಾಯಿತು. ಕಣ್ಣು ಹೋಗಿದ್ದರೆ ಆ ಬ್ರಾಕೆಟ್ಟು ನಿಲ್ಲುತ್ತಿತ್ತಾ? ಡಾಕ್ಟರು ಓದಿರಬಹುದು, ನನ್ನ ಕೈ ಅವರಿಗೇನು ಗೊತ್ತು? ಮಾರನೇ ದಿನವೇ ಶೆಡ್ಡು ತೆಗೆದೆ. ಬಂದವರಿಗೆಲ್ಲ, “ಹೋಗಿ ನಮ್ ಭಾವನ್ ಗಾಡಿ ನೋಡಿ” ಅನ್ನುತ್ತಿದ್ದೆ. ಅವರು, “ನೋಡಿವಿ ಬುಡಣ್ಣ” ಅನ್ನುತ್ತಿದ್ದರು.

ರಾಡು ತರದೆ ಬರೀ ಕೈಯಲ್ಲಿ ಬಂದದ್ದಕ್ಕೆ ಹೆಂಡತಿ ಮಾತ್ರ ಮೂರು ದಿನ ನನ್ನನ್ನು ಅನುಮಾನದಿಂದ ನೋಡಿದಳು. ರಾಮನಗರದಲ್ಲಿ ಯಾರನ್ನೋ ಇಟ್ಟುಕೊಂಡಿದ್ದೀನಿ ಅಂತ ಅವಳ ಲೆಕ್ಕ. ಈ ಕಣ್ಣಲ್ಲಿ ಯಾರನ್ನು ಹುಡುಕಲಿ ಅಂತ ಹೇಳೋ ಹಾಗೂ ಇರಲಿಲ್ಲ.

ಬೀಗರೂಟ

ಹೋದ ವರ್ಷ ಭಾವನ ಊರಿನ ಹೆಣ್ಣೊಂದನ್ನು ರಾಮನಗರದ ಕಡೆಗೆ ಕೊಟ್ಟರು. ಮದುವೆಯಾದ ಮೇಲೆ ಊರಲ್ಲೇ ಬೀಗರೂಟ. ಮಟನ್ನು, ಬೋಟಿ, ರಾಗಿಮುದ್ದೆ. ಮಧ್ಯಾಹ್ನ ಎರಡನೇ ಪಂಕ್ತಿಗೆ ನಾನು ಕೂತೆ. ಪಕ್ಕದಲ್ಲಿ ಗಂಡಿನ ಕಡೆಯವನೊಬ್ಬ, ನಗುಮುಖದ ಮನುಷ್ಯ. ಎದುರಿಗೆ ಡೇರಿ ಕಾರ್ಯದರ್ಶಿ. ಮುದ್ದೆ ಬಡಿಸುತ್ತಿದ್ದವನು ಭಾವ.

ಪಕ್ಕದವನು ಭಾವನ ಮುಖ ಕಂಡು ಅರಳಿದ. “ಏನ್ ಯಜಮಾನ್ರೆ, ಡೋರು ಹಿಡ್ಕಂಡೈತಾ?” ಅಂದ.

ಭಾವ ಅವನ ಎಲೆಗೆ ಒಂದು ಮುದ್ದೆ ಹಾಕಿದ.

ಅವನು ನನ್ನ ಕಡೆ ತಿರುಗಿದ. “ಇವ್ರ ಕತೆ ಕೇಳಿ ಅಣ್ಣ. ನಂದು ರಾಮನಗರದಲ್ಲಿ ವೆಲ್ಡಿಂಗ್ ಶಾಪು. ಈ ಕಡೆ ಯಾರೋ ಒಬ್ಬ ವೆಲ್ಡರ್ ಅವ್ನಂತೆ, ಪಾಪ, ಕಣ್ ಕಾಣಕ್ಕಿಲ್ಲ. ಬ್ರಾಕೆಟ್ ಒಂದ್ ಕಡೆ ಇದ್ರೆ ವೆಲ್ಡಿಂಗ್ ಇನ್ನೊಂದ್ ಕಡೆ.”

ಭಾವ ಎರಡನೇ ಮುದ್ದೆ ಹಾಕಿದ.

“ಆ ಡೋರ್ ಬಿದ್ದು ಇವ್ರ ಮನೆಯವ್ರ ಕೈ ಮುರೀತು. ಆಮ್ಯಾಲೆ ನನ್ ತಾವ ತಂದ್ರು. ಕಿತ್ತು ಹೊಸದಾಗಿ ಹಾಕ್ತೀನಿ ಅಂದ್ರೆ ಬ್ಯಾಡ ಅಂದ್ಬುಟ್ರು. ಅವ್ನ ವೆಲ್ಡಿಂಗ್ ಮೇಲ್ಗಡೆ ಹಂಗೇ ಇರ್ಲಿ, ನೀನು ಒಳಗಡೆಯಿಂದ ಪ್ಲೇಟ್ ಕೊಟ್ಟು ಹಿಡಿಸು ಅಂದ್ರು. ಯಾಕೆ ಅಂದೆ. ಅವ್ನು ಬಂದಾಗೆಲ್ಲ ಕೈಯಾಡಿಸಿ ನೋಡ್ತಾನೆ, ಬೇಜಾರ್ ಮಾಡ್ಕತಾನೆ ಅಂದ್ರು.”

ಭಾವ ಮೂರನೇ ಮುದ್ದೆ ಹಾಕಿ, ಅದರ ಮೇಲೆ ಎಲೆ ದಾಟಿ ಹರಿಯೋ ಹಾಗೆ ಸಾರು ಸುರಿದ. ಆ ಮನುಷ್ಯ ಸಾರಿಗೆ ಕೈ ಅಡ್ಡ ಕೊಟ್ಟುಕೊಂಡೇ ಮುಂದುವರಿಸಿದ.

“ಇವ್ರೊಬ್ರೇ ಆಗಿದ್ರೆ ಸರಿ. ಈಗ ಈ ಊರಿಂದ ವಾರಕ್ಕೊಂದು ಬತ್ತೈತೆ. ಟ್ರಾಕ್ಟರ್ ಕೊಕ್ಕೆ, ಕಿಟಕಿ, ಹಸು ಗೂಟ. ಮೊದ್ಲು ಅವ್ನ ಕೈಲಿ ಮಾಡಿಸ್ತಾರೆ, ಆಮ್ಯಾಲೆ ನನ್ ತಾವ ತತ್ತಾರೆ. ಮೊನ್ನೆ ಡೇರಿ ಗೇಟ್ನೇ ಹೊತ್ಕಂಡ್ ಬಂದಿದ್ರು.”

ರಾಮನಗರದವರೆಲ್ಲ ಗೊಳ್ಳೆಂದು ನಕ್ಕರು. ಊರಿನವರು ಒಬ್ಬರೂ ನಗಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಎಲೆ ನೋಡುತ್ತಿದ್ದರು. ಡೇರಿ ಕಾರ್ಯದರ್ಶಿ ಮಾಂಸವೇ ಇಲ್ಲದ ಒಂದು ಮೂಳೆಯನ್ನು ಬಹಳ ಹೊತ್ತು ಚೀಪಿದ. ಆ ಗೇಟು ನಾನು ಮಾಡಿಕೊಟ್ಟದ್ದು.

“ಅಣ್ಣ, ತಾವೇನ್ ಕೆಲ್ಸ ಮಾಡೋದು?” ಅಂದ ಪಕ್ಕದವನು.

“ನಾನೂ ವೆಲ್ಡಿಂಗೇ ಕಣಪ್ಪ. ಇಲ್ಲೇ ಕುದೂರಲ್ಲಿ” ಅಂದೆ.

ಅವನ ಕೈ ಮುದ್ದೆಯಲ್ಲೇ ನಿಂತಿತು. ಭಾವ ನಾಲ್ಕನೇ ಮುದ್ದೆ ಹಿಡಿದು ಹಾಗೇ ನಿಂತಿದ್ದ, ಇನ್ನು ಹಾಕಿ ಪ್ರಯೋಜನ ಇರಲಿಲ್ಲ. ನನಗೆ ಆ ಮೂರು ಮುದ್ದೆ ನೋಡಿ ನಗು ಬಂದುಬಿಟ್ಟಿತು. “ಊಟ ಮಾಡಪ್ಪ, ನೀನು ಸುಳ್ಳೇನೂ ಹೇಳ್ಲಿಲ್ಲ” ಅಂದೆ. ಅವನು ನನ್ನ ಕೈ ಹಿಡಿದುಕೊಂಡ. ಇಬ್ಬರ ಕೈಯೂ ಎಂಜಲು.

ಊಟವಾದ ಮೇಲೆ ಭಾವ ನನ್ನನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಕುದೂರಿಗೆ ಹೊರಟ. ನಾನು ಅಳುತ್ತಿದ್ದೆ. ಇಡೀ ಊರಿಗೆ ಗೊತ್ತಿದ್ದದ್ದು ಮುಚ್ಚಿಡೋಕೆ ನಾನು ಒಂದು ವರ್ಷ ಎಷ್ಟು ಒದ್ದಾಡಿದ್ದೆ. ಅಕ್ಕನ ಕೈ ಈಗಲೂ ಪೂರ್ತಿ ಮಡಚೋದಿಲ್ಲ. ಭಾವ ರಸ್ತೆ ನೋಡಿಕೊಂಡು ಗಾಡಿ ಓಡಿಸಿದ. ಕುದೂರಿನ ಮನೆಗಳು ಶುರುವಾದ ಮೇಲೆ ಗಾಡಿ ನಿಧಾನ ಮಾಡಿದ.

“ಲೇ, ಡೋರಿನ ಚೈನ್ ಕೊಕ್ಕೆ ಒಸಿ ಅಲ್ಲಾಡ್ತೈತೆ ಕಣ್ಲಾ. ಬೆಳಿಗ್ಗೆ ನಿನ್ ಶೆಡ್ ತಾವ್ಕೆ ತತ್ತೀನಿ.”

“ತಕಬಾ ಭಾವ” ಅಂದೆ. “ನಂದು ಬೇಗ ಮುಗಿಸ್ಕೊಡ್ತೀನಿ. ಆಮ್ಯಾಲೆ ರಾಮನಗರಕ್ಕೆ ಇಬ್ರೂ ಒಟ್ಗೇ ಹೋಗವ.”