ವಿಮಾನಕ್ಕೆ ಒಗ್ಗದ ಸ್ವೆಟರ್

ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದಕ್ಕೆ ಬೇರೆಯದೇ ಜಾತಿಯ ಧೈರ್ಯ ಬೇಕು. ನನಗೆ ಅದಿಲ್ಲ. ಬೀಗರ ಮನೆಯಲ್ಲಿ ಇನ್ನೊಂದು ಹೋಳಿಗೆ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯಲಾಗದೆ ಹೊಟ್ಟೆ ಕೆಡಿಸಿಕೊಂಡವನು ನಾನು. ಇಂಥವನಿಗೆ ಹೆಂಡತಿ ಕೈಯಾರೆ ಹೆಣೆದ ಸ್ವೆಟರನ್ನು ಒಲ್ಲೆ ಎನ್ನುವ ಪ್ರಸಂಗ ಬಂದರೆ ಹೇಗಿರಬೇಡ?

ನನ್ನ ಕೆಲಸ ಕೊಪ್ಪಳದ ಹೊರಗಿನ ಸಣ್ಣದೊಂದು ವಿಮಾನ ನಿಲ್ದಾಣದಲ್ಲಿ. ನಿಲ್ದಾಣ ಎಂದ ಕೂಡಲೇ ಏನೇನೋ ಊಹಿಸಿಕೊಳ್ಳಬೇಡಿ. ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಇಷ್ಟೇ. ಅಪರೂಪಕ್ಕೆ ಬರುವ ಪುಟ್ಟ ವಿಮಾನಗಳ ರೆಕ್ಕೆಯ ಟ್ಯಾಂಕಿಗೆ ಪೆಟ್ರೋಲ್ ತುಂಬುವವನು ನಾನು. ಇದರಲ್ಲಿ ದೊಡ್ಡ ಭಯ ಕಿಡಿಯದು. ಪೆಟ್ರೋಲ್ ಪೈಪಿನಲ್ಲಿ ಹರಿಯುವಾಗ, ಬಟ್ಟೆ ಮೈಗೆ ಉಜ್ಜುವಾಗ, ಕಣ್ಣಿಗೆ ಕಾಣದ ಕರೆಂಟು ಕೂಡಿಕೊಳ್ಳುತ್ತದೆ. ಅದು ಚಟ್ ಎಂದರೆ ಮುಗಿಯಿತು. ಅದಕ್ಕೇ ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲೇ ಆ ಕರೆಂಟನ್ನು ನೆಲಕ್ಕಿಳಿಸುವ ತಂತಿಯ ಕ್ಲಿಪ್ಪನ್ನು ವಿಮಾನದ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಬೇಕು. ಮೈಮೇಲೆ ಹತ್ತಿ ಬಟ್ಟೆಯೇ ಇರಬೇಕು, ಉಣ್ಣೆ ಕೂಡದು. ಚಳಿಗಾಲದ ನಮ್ಮ ಒಣಗಾಳಿಯಲ್ಲಂತೂ ಇನ್ನಷ್ಟು ಎಚ್ಚರ.

ಹೋದ ಚಳಿಗಾಲದಲ್ಲಿ ನನಗೆ ಕೆಮ್ಮು ಹತ್ತಿತು. ಹೆಂಡತಿ ಗಿರಿಜಾ ಗಂಗಾವತಿಗೆ ಹೋದವಳು ಉಲನ್ ದಾರ ತಂದಳು, ಮೊಬೈಲಿನಲ್ಲಿ ನೋಡಿ ನೋಡಿ ಹೆಣೆದಳು. ತಪ್ಪಾದಾಗಲೆಲ್ಲ ಬಿಚ್ಚಿ ಮತ್ತೆ ಹೆಣೆದಳು. ಕೊನೆಗೆ ಗಾಢ ಅರಿಶಿನ ಬಣ್ಣದ ಸ್ವೆಟರೊಂದು ತಯಾರಾಯಿತು. ಒಂದು ತೋಳು ತುಸು ಉದ್ದ. "ಮುಂಜಾನಿ ಗಾಳ್ಯಾಗ ನಿಂದಿರ್ತೀರಿ, ಎದಿ ಬೆಚ್ಚಗಿರ್ಲಿ" ಎಂದು ತಾನೇ ತೊಡಿಸಿದಳು. ಆ ಮುಖ ನೋಡಿ ವಿದ್ಯುತ್ತಿನ ಪಾಠ ಶುರು ಮಾಡಲು ನನಗೆ ನಾಲಿಗೆಯೇ ಹೊರಳಲಿಲ್ಲ.

ಹಾಗಾಗಿ ದಿನಾ ಸ್ವೆಟರ್ ಹಾಕಿಕೊಂಡೇ ಮನೆ ಬಿಡುತ್ತಿದ್ದೆ. ದೂರದ ಗೇಟಿನಲ್ಲೇ ಅದನ್ನು ತೆಗೆದು ಮೊಳೆಗೆ ಸಿಕ್ಕಿಸಿ, ಗೇಟಿನ ಕಬ್ಬಿಣ ಮುಟ್ಟಿ ಮೈಯ ಕರೆಂಟು ಇಳಿಸಿ, ಬರೀ ಹತ್ತಿ ಅಂಗಿಯಲ್ಲಿ ನಡುಗುತ್ತ ಒಳಗೆ ಹೋಗುತ್ತಿದ್ದೆ. ಗೇಟು ಕಾಯುವ ಹುಸೇನಸಾಬ ವಯಸ್ಸಾದವನು. ಸುಮ್ಮನೆ ಮೊಳೆಗೆ ತೂಗುವ ಸ್ವೆಟರ್ ನೋಡಲಾರದೆ ಒಂದು ದಿನ ಕೇಳಿ ಹಾಕಿಕೊಂಡ. ಪೆಟ್ರೋಲಿನ ಹತ್ತಿರ ಅವನಿಗೇನೂ ಕೆಲಸವಿಲ್ಲ. ಒಬ್ಬರಿಗಾದರೂ ಬೆಚ್ಚಗಾಯಿತಲ್ಲ ಎಂದು ನಾನೂ ಸುಮ್ಮನಾದೆ.

ಒಂದು ಬೆಳಿಗ್ಗೆ ಊಟದ ಡಬ್ಬಿ ಮರೆತು ಬಂದೆ. ಗಿರಿಜಾ ಅದನ್ನು ಹಿಡಿದು ಆಟೋದಲ್ಲಿ ಬಂದಳು. ಗೇಟಿನಲ್ಲಿ ಅವಳ ಸ್ವೆಟರ್ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿತ್ತು. ಹುಸೇನಸಾಬನಿಗೆ ಸುಳ್ಳು ಗೊತ್ತಿಲ್ಲ. ಸಾಹೇಬರು ದಿನಾ ಕೊಡುತ್ತಾರೆಂದು ನನ್ನನ್ನೇ ಹೊಗಳಿದನಂತೆ.

ನಾನು ಆಗ ವಿಮಾನಕ್ಕೆ ಕ್ಲಿಪ್ಪು ಹಚ್ಚುತ್ತಿದ್ದೆ. ತಲೆ ಎತ್ತಿದರೆ ಬೇಲಿಯಾಚೆ ಡಬ್ಬಿ ಹಿಡಿದ ಗಿರಿಜಾ. ಅರ್ಧಕ್ಕೆ ಬಿಟ್ಟು ಓಡುವ ಕೆಲಸವಲ್ಲ. ಪೆಟ್ರೋಲ್ ತುಂಬಿ, ಮುಚ್ಚಳ ಹಾಕಿ, ಕೊನೆಗೆ ತಂತಿ ಬಿಡಿಸಿ ಹೋದೆ. ಅಷ್ಟು ಹೊತ್ತೂ ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಎಲ್ಲವನ್ನೂ ತೊದಲುತ್ತ ಹೇಳಿದೆ.

"ಅಕಸ್ಮಾತ್ ಕಿಡಿ ಹಾರಿದ್ರ?" ಎಂದಳು.

ನಾನು ಈಗಷ್ಟೇ ತುಂಬಿಸಿದ ಟ್ಯಾಂಕಿನತ್ತ ನೋಡಿದೆ. ಅವಳಿಗೆ ತಿಳಿಯಿತು. ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ಮೊದಲ ಹೇಳಿದ್ರ ನಾ ಏನು ನುಂಗ್ತಿದ್ನೇನ್ರಿ? ಸ್ವೆಟರ್ ಇನ್ನೊಂದು ಹೆಣೀಬಹುದು. ನಿಮ್ಮನ್ನ ಹೆಣಿಯಾಕ ನನಗ ಬರೂದಿಲ್ಲ."

ಬೈದಿದ್ದರೆ ವಾಸಿಯಿತ್ತು.

ಸ್ವೆಟರ್ ಹುಸೇನಸಾಬನಿಗೇ ಉಳಿಯಿತು. ಗಿರಿಜಾ ತವರುಮನೆ ತಾವರಗೇರಾದಿಂದ ಹಳೆಯ ನೂಲಿನ ಸೀರೆಗಳನ್ನು ತರಿಸಿದಳು. ತುಂಡು ತುಂಡು ಕೂಡಿಸಿ ಕೌದಿ ಹೊಲಿದಂತೆ ನನಗೊಂದು ದಪ್ಪ ಕೋಟು ಹೊಲಿದಳು. ದಾರವೂ ಹತ್ತಿಯದೇ. ನಮ್ಮ ಎಂಜಿನಿಯರ್ ಸಾಹೇಬರು ಒಂದೊಂದು ತೇಪೆಯನ್ನೂ ತಿಕ್ಕಿ ನೋಡಿ, ಇದಕ್ಕೆ ಅಡ್ಡಿಯಿಲ್ಲ ಎಂದರು. ನಗು ತಡೆದುಕೊಂಡು ಹೇಳಿದರೆಂಬ ಗುಮಾನಿ ನನಗಿದೆ.

ಆ ಚಳಿ ಹೋಯಿತು, ಕೆಮ್ಮೂ ಹೋಯಿತು. ಈ ಚಳಿಗಾಲಕ್ಕೂ ಅದೇ ಕೋಟು. ಮೊನ್ನೆ ಮಾತ್ರ ವಿಮಾನದಿಂದ ಇಳಿದ ವಯಸ್ಸಾದ ತಾಯಿಯೊಬ್ಬರು ಬಣ್ಣಬಣ್ಣದ ತೇಪೆಗಳಲ್ಲಿ ನಿಂತ ನನ್ನನ್ನು ನೋಡಿ, ಭಕ್ತಿಯಿಂದ ಬಾಗಿ, ಯಾವ ಮಠದವರೆಂದು ಕೇಳಿದರು. ಪೆಟ್ರೋಲ್ ಹಾಕುವವನೆಂದು ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಆಶೀರ್ವಾದಕ್ಕೆ ಎದ್ದಿತ್ತು.