ಟೆಕ್ಸಾಸಿನಲ್ಲಿ ಈರುಳ್ಳಿ ಇಲ್ಲದ ಹೋಟೆಲು

ಹೊರಗೆ ಊಟಕ್ಕೆ ಹೋದರೆ ಬೇರೆಯವರು ಹೊಟ್ಟೆ ತುಂಬಿಸಿಕೊಂಡು ಬರುತ್ತಾರೆ, ನಾವು ಒಂದು ಕಥೆ ಹೊತ್ತುಕೊಂಡು ಬರುತ್ತೇವೆ. ನಮ್ಮ ಹಣೆಬರಹವೇ ಹಾಗೆ. ಹೂಸ್ಟನ್ ಪಕ್ಕದ ಈ ಶುಗರ್ ಲ್ಯಾಂಡಿಗೆ ಬಂದು ಇಷ್ಟು ವರ್ಷವಾಯಿತು, ನೆಮ್ಮದಿಯಾಗಿ ಹೋಗಿ, ತಿಂದು, ಕೈ ತೊಳೆದು ಬಂದ ದಿನ ಒಂದಾದರೂ ಇದೆಯಾ ಅಂತ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ.

ಅದರಲ್ಲೂ ಹೋದ ವರ್ಷ ಧಾರವಾಡದಿಂದ ನಮ್ಮ ಅತ್ತೆ ಆರು ತಿಂಗಳಿಗೆ ಅಂತ ಬಂದ ಮೇಲೆ ಕೇಳಲೇಬೇಡಿ. ಅತ್ತೆ ಒಳ್ಳೆಯವರು, ಸುಮ್ಮನೆ ಹೇಳಬಾರದು. ಆದರೆ ಈರುಳ್ಳಿ ಬೆಳ್ಳುಳ್ಳಿ ಹುಟ್ಟಿದಾಗಿನಿಂದ ಮುಟ್ಟಿದವರಲ್ಲ. ಮೊಣಕಾಲು ನೋವು, ನಿಂತು ಅಡುಗೆ ಮಾಡಲಾರರು. ನಮ್ಮನೆಯವರಿಗೆ ಅಡುಗೆ ಅಂದರೆ ಮೈಕ್ರೋವೇವಿನ ಬಟನ್ ಒತ್ತುವುದು. ಇನ್ನು ಉಳಿದವಳು ಯಾರು? ಎನರ್ಜಿ ಕಾರಿಡಾರ್ ಅನ್ನುವ ಎಣ್ಣೆ ಕಂಪನಿಗಳ ಸಾಲಿನ ಆಫೀಸಿನಲ್ಲಿ ಹಗಲೆಲ್ಲಾ ದುಡಿದು, ಟ್ರಾಫಿಕ್ಕಿನಲ್ಲಿ ಜೀವ ತೇಯ್ದು ಬಂದು, ಮತ್ತೆ ಒಲೆ ಮುಂದೆ ನಿಲ್ಲುವ ಮೈಸೂರಿನ ಈ ಮಹಾತಾಯಿ.

ನನಗೆ ಬೇಕಾಗಿದ್ದಾದರೂ ಏನು? ವಾರಕ್ಕೊಂದು ಭಾನುವಾರ, ಒಂದೇ ಒಂದು ಹೊತ್ತು, ಒಲೆ ಹಚ್ಚದೆ ಕೂತು, ಯಾರೋ ತಂದಿಟ್ಟಿದ್ದನ್ನು ಉಣ್ಣಬೇಕು. ಅಷ್ಟೇ. ಅದಕ್ಕೆ ಅತ್ತೆಯ ಷರತ್ತು, ಈರುಳ್ಳಿ ಬೆಳ್ಳುಳ್ಳಿ ಇರಕೂಡದು. ನಮ್ಮನೆಯವರ ಷರತ್ತು, ಬಿಲ್ಲು ನೋಡಿ ಎದೆ ಹಿಡಿದುಕೊಳ್ಳುವ ಹಾಗಿರಬಾರದು, ಮೇಲೆ ಫೋನಿನಲ್ಲಿ ನಾಲ್ಕು ಸ್ಟಾರಿಗಿಂತ ಕಮ್ಮಿ ಇರಬಾರದು. ಇಂಥ ಹೋಟೆಲು ಹುಡುಕುವುದಕ್ಕಿಂತ ನಮ್ಮ ನೆಂಟರ ಹುಡುಗನಿಗೆ ಹೆಣ್ಣು ಹುಡುಕುವುದು ಸುಲಭ.

ಪಂಪ್ ನಂಬರ್ ಆರು

ಮೊದಲ ಪ್ರಯತ್ನ ಡ್ಯಾಲಸ್ಸಿನಲ್ಲಿ. ಲಾಂಗ್ ವೀಕೆಂಡ್ ಅಂತ ನಾವಿಬ್ಬರು, ಅತ್ತೆ, ಮಗಳು ಹೋಗಿದ್ದೆವು. ಒಂದು ಪೆಟ್ರೋಲ್ ಬಂಕಿನೊಳಗೆ, ಚಿಪ್ಸು ಕೋಲಾ ಮಾರುವ ಜಾಗದ ಮೂಲೆಯಲ್ಲೇ, ಯಾರೋ ದೋಸೆ ಕಾವಲಿ ಇಟ್ಟಿದ್ದಾರೆ ಅಂತ ನಮ್ಮನೆಯವರು ಫೋನಿನಲ್ಲಿ ಪತ್ತೆ ಹಚ್ಚಿದರು.

"ಪೆಟ್ರೋಲ್ ಬಂಕಿನ್ಯಾಗ ದೋಸಿ?" ಅಂದರು ಅತ್ತೆ. "ಅದಕ್ಕ ಎಣ್ಣಿ ಯಾವುದು ಹಾಕ್ತಾರ?"

"ಅವ್ವಾ, ಫೋರ್ ಪಾಯಿಂಟ್ ಸೆವೆನ್ ಅದ," ಅಂದರು ಮಗರಾಯರು, ಎಣ್ಣೆಯ ಪ್ರಶ್ನೆಗೆ ಅದೇ ಉತ್ತರ ಅನ್ನುವ ಹಾಗೆ.

ಒಳಗೆ ಹೋಗಿ ಖುದ್ದಾಗಿ ವಿಚಾರಿಸಿದೆ. ಸಾದಾ ದೋಸೆ, ತೆಂಗಿನಕಾಯಿ ಚಟ್ನಿ, ಯಾವುದಕ್ಕೂ ಈರುಳ್ಳಿ ಇಲ್ಲ. ಅತ್ತೆ ಒಪ್ಪಿದರು. ನಾಲ್ಕು ತುಪ್ಪದ ಸಾದಾ ದೋಸೆ ಹೇಳಿ, ಆರನೇ ನಂಬರಿನ ಚೀಟಿ ಹಿಡಿದು ಕಾದೆವು. ಕಾದೂ ಕಾದೂ ಸಾಕಾಯಿತು. ಕೊನೆಗೆ ಕೇಳಿದರೆ ಹಿಟ್ಟೇ ಖಾಲಿ ಅಂತೆ, ನಮ್ಮ ದೋಸೆ ಆಗಲೇ ಕೊಟ್ಟಾಯಿತಂತೆ! ಯಾರಿಗೆ? ಆರನೇ ಪಂಪಿನಲ್ಲಿ ಪೆಟ್ರೋಲ್ ಹಾಕಿಸಿದ್ದ ಒಬ್ಬ ಆಜಾನುಬಾಹು ದೊರೆ, ದೊಡ್ಡ ಟೋಪಿ, ದೊಡ್ಡ ಬೂಟು, "ನಂಬರ್ ಸಿಕ್ಸ್" ಅಂತ ಕೂಗಿದ್ದೇ ಬಂದು, ಪೆಟ್ರೋಲಿಗೆ ಇದು ಫ್ರೀ ಅಂದುಕೊಂಡು ಪೊಟ್ಟಣ ಎತ್ತಿಕೊಂಡು ಹೋಗಿದ್ದ.

ನಾವು ಕೂಗಾಡುತ್ತಿರುವಾಗಲೇ ಆಸಾಮಿ ವಾಪಸ್ ಬಂದ. ದೋಸೆ ಕೊಡುವುದಕ್ಕಲ್ಲ. ದೋಸೆ ಅಷ್ಟೊತ್ತಿಗೆ ಹೊಟ್ಟೆ ಸೇರಿತ್ತು. ಆ ಬಿಳಿ ಸಾಸ್ ಇನ್ನೊಂದು ಸ್ವಲ್ಪ ಸಿಗುತ್ತಾ ಅಂತ ಕೇಳುವುದಕ್ಕೆ.

ನಾನು ಹಲ್ಲು ಕಡಿದೆ. ಅತ್ತೆ ಮಾತ್ರ ಅವನನ್ನೇ ಕನಿಕರದಿಂದ ನೋಡಿ ಹೇಳಿದರು, "ಬೈಬ್ಯಾಡವಾ. ಉಳ್ಳಾಗಡ್ಡಿ ಇಲ್ದ ಅಡಿಗಿ ಇಷ್ಟು ಸೇರ್ತದ ಅಂದ್ರ, ಛಲೋ ಮನಿತನದಂವ ಇರಬೇಕು."

ಒಂದೂವರೆ ಸ್ಟಾರಿನ ಅಮೃತ

ಆಮೇಲೆ ಆಸ್ಟಿನ್. ಅಲ್ಲಿ ದ ಡೊಮೇನ್ ಅನ್ನುವ ಮಾಲ್ ಹತ್ತಿರ ಕೆಲಸ ಮಾಡುವ ನಮ್ಮನೆಯವರ ಗೆಳೆಯರೊಬ್ಬರು ಫೋನ್ ಮಾಡಿ, "ಒಂದು ಜಾಗ ಇದೆ, ಅಮೃತ! ಶನಿವಾರ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ, ಅದೂ ಸಸ್ತಾ. ಅಮ್ಮನ್ನ ಕರ್ಕೊಂಡು ಬನ್ನಿ," ಅಂದರು. ಇಷ್ಟು ದೂರ ಡ್ರೈವ್ ಮಾಡಿಕೊಂಡು ಹೋದೆವು. ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ನಮ್ಮನೆಯವರು ಫೋನು ತೆಗೆದರು. ಮುಖ ಸುಟ್ಟ ಬದನೆಕಾಯಿ ಆಯಿತು.

"ಇದು ಒಂದೂವರಿ ಸ್ಟಾರ್ ಅದಲ್ಲೋ! ನಾ ಒಳಗ ಬರೂದಿಲ್ಲ."

"ಅಯ್ಯೋ, ಅದನ್ನ ನಂಬಬೇಡಿ," ಗೆಳೆಯರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಅದು ನಾವೇ ಬರೆದಿರೋದು. ಚೆನ್ನಾಗಿದೆ ಅಂತ ಬರೆದರೆ ನಾಳೆ ಊರೆಲ್ಲಾ ಬಂದು ಕ್ಯೂ ನಿಲ್ಲತ್ತೆ. ರೇಟೂ ಏರಿಸ್ತಾರೆ. ನಮಗೆ ಜಾಗ ಸಿಗುತ್ತಾ?"

ಒಳಗೆ ಹೋದರೆ ನಿಜವಾಗಿಯೂ ಅಮೃತ. ಆ ತಿಳಿಸಾರು, ಆ ಹುಳಿ, ಆ ಕೋಸಂಬರಿ! ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು. ನನಗಂತೂ ಯಾರೋ ಬಡಿಸುತ್ತಿದ್ದಾರೆ ಅನ್ನುವುದಕ್ಕೇ ಕಣ್ಣು ತುಂಬಿ ಬಂತು. ಆಸ್ಟಿನ್ನಿಗೇ ಶಿಫ್ಟ್ ಆಗಿಬಿಡೋಣ ಅಂತ ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಓನರ್ ಬಂದು ಟೇಬಲ್ ಪಕ್ಕ ನಿಂತರು. ಮುಖದಲ್ಲಿ ಕಳೆಯೇ ಇಲ್ಲ. "ಸಾರ್, ನೀವು ಪ್ರತಿ ವಾರ ಬರೋರು. ನೀವೇ ಹೇಳಿ, ನನ್ನ ಸಾಂಬಾರ್ ಚರಂಡಿ ನೀರಿನ ಥರ ಇದೆಯಾ? ಯಾರೋ ಹಾಗಂತ ಬರೆದಿದ್ದಾರೆ."

"ಛೆ ಛೆ! ಯಾರೋ ಹೊಟ್ಟೆಕಿಚ್ಚಿನವರು," ಅಂದರು ಗೆಳೆಯರು, ಬಾಯ್ತುಂಬ ಆ ಚರಂಡಿ ನೀರನ್ನೇ ತುಂಬಿಕೊಂಡು.

"ರವೆ ಇಡ್ಲಿಯಲ್ಲಿ ಜಿರಲೆ ಇತ್ತು ಅಂತ ಬರೆದಿದ್ದಾನಲ್ಲ, ಅವನೊಬ್ಬ ಕೈಗೆ ಸಿಗಬೇಕು ಸಾರ್!" ಓನರ್ ದನಿ ಏರಿತು.

"ಅದು ನಾನಲ್ಲಪ್ಪಾ," ಅಂತ ಗೆಳೆಯರು ನಮ್ಮನೆಯವರ ಕಿವಿಯಲ್ಲಿ ಪಿಸುಗುಟ್ಟಿದರು. ನಾನು ಸುತ್ತ ನೋಡಿದೆ. ಹಾಲ್ ತುಂಬ ನಮ್ಮವರೇ. ಒಬ್ಬರಾದರೂ ತಲೆ ಎತ್ತಬೇಕಲ್ಲ! ಎಲ್ಲರೂ ತಟ್ಟೆಯೊಳಗೆ ಏನೋ ಕಳೆದುಕೊಂಡವರ ಹಾಗೆ ಹುಡುಕುತ್ತಿದ್ದರು.

ಪಾಪ, ಮುಂದಿನ ತಿಂಗಳೇ ಆ ಹೋಟೆಲು ಮುಚ್ಚಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಚ್ಚಿದ ಮೇಲೆ ಅಷ್ಟೂ ಜನ ದುಃಖ ತಡೆಯಲಾರದೆ ಐದೈದು ಸ್ಟಾರ್ ಕೊಟ್ಟರಂತೆ.

ಬಟಾಟಿಯ ಪಾಪ

ಇದು ಚಿಕ್ಕದು. ಹೂಸ್ಟನ್ನಿನಲ್ಲೇ ಒಂದು ಗುಜರಾತಿ ಊಟದ ಮನೆಗೆ ಹೋಗಿ ಜೈನ್ ಥಾಲಿ ತರಿಸಿದೆವು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಅತ್ತೆ ಖುಷಿಯಾಗಿ, ಒಂದಿಷ್ಟು ಆಲೂಗಡ್ಡೆ ಪಲ್ಯ ಕೇಳು ಅಂದರು. ನೆಲದ ಕೆಳಗೆ ಬೆಳೆಯುವುದು ಯಾವುದೂ ಇದರಲ್ಲಿ ಇರುವುದಿಲ್ಲ ಅಂತ ವಿವರಿಸಿದೆ.

"ಬಟಾಟಿ ಏನ ಪಾಪ ಮಾಡೇದ?" ಅಂತ ಅತ್ತೆಗೆ ನಿಜವಾಗಿಯೂ ಬೇಜಾರಾಯಿತು. "ಬ್ಯಾಡ ಅನ್ನೂದಕ್ಕೂ ಒಂದು ಮಿತಿ ಬೇಕು, ನೋಡವಾ. ಊಟದಾಗ ಇಷ್ಟೆಲ್ಲಾ ಕಟ್ಟುನಿಟ್ಟು ಇರಬಾರದು."

ಹೇಳಿದವರು ಯಾರು ಅಂತ ನಾನೂ ನಮ್ಮನೆಯವರೂ ಮುಖ ಮುಖ ನೋಡಿಕೊಂಡೆವು. ದಾಲ್‌ಗೆ ಸಕ್ಕರೆ ಹಾಕಿದ್ದಾರೆ ಅಂತ ಗೊತ್ತಾದ ಮೇಲಂತೂ ಆ ಕಡೆ ಮತ್ತೆ ಕಾಲಿಡಲಿಲ್ಲ.

ಶಂಖದಿಂದ ಬಂದರೆ

"ದೇವಸ್ಥಾನದ ಕ್ಯಾಂಟೀನ್ ಇಲ್ವೇನ್ರೀ?" ಅಂತ ನೀವು ಆಗಿನಿಂದ ಕೇಳಬೇಕು ಅಂತಿದ್ದೀರಿ, ಗೊತ್ತು. ಹೋದೆವು. ಒಳ್ಳೆ ಸೀರೆ ಉಟ್ಟು, ಇವತ್ತು ರಾಣಿಯ ಹಾಗೆ ಕೂತು ತಿನ್ನುತ್ತೇನೆ ಅಂತ ಹೋದೆ. ಕೂಪನ್ ತಗೊಳ್ಳುವ ಮೊದಲೇ ಕ್ಯಾಂಟೀನ್ ನೋಡಿಕೊಳ್ಳುವ ಆಂಟಿ ನನ್ನ ಕೈ ಹಿಡಿದರು.

"ಅಯ್ಯೋ, ದೇವರೇ ಕಳಿಸಿದ ಹಾಗೆ ಬಂದ್ಯಲ್ಲಮ್ಮ! ಇವತ್ತು ದೋಸೆ ಹಾಕೋ ವಾಲಂಟಿಯರ್ ಬಂದಿಲ್ಲ. ಐದೇ ನಿಮಿಷ."

ದೇವಸ್ಥಾನದಲ್ಲಿ ನಿಂತು ಇಲ್ಲ ಅನ್ನುವುದು ಹೇಗೆ? ಏಪ್ರನ್ ಕಟ್ಟಿಯೇಬಿಟ್ಟರು. ಆ ಐದು ನಿಮಿಷ ಮಧ್ಯಾಹ್ನ ಇಳಿಯುವ ತನಕ ನಡೆಯಿತು. ರೇಷ್ಮೆ ಸೀರೆಯ ಮೇಲೆ ಹಿಟ್ಟು, ತಲೆಯ ಮೇಲೆ ಹೊಗೆ. ಮನೆಯಲ್ಲಾಗಿದ್ದರೆ ನಾಲ್ಕು ಜನಕ್ಕೆ ಹಾಕುತ್ತಿದ್ದೆ, ಇಲ್ಲಿ ಇಡೀ ಹೂಸ್ಟನ್ನಿಗೆ ಹಾಕಿದೆ.

ಬೆವರು ಒರೆಸಿಕೊಳ್ಳುತ್ತಾ ಆಚೆ ಬಂದರೆ, ಅತ್ತೆ ತೃಪ್ತಿಯಾಗಿ ಕೂತಿದ್ದಾರೆ. "ಎಲ್ಲಿ ಹೋಗಿದ್ದೆವಾ? ಇಲ್ಲಿ ದೋಸಿ ಎಷ್ಟು ಛಲೋ ಮಾಡ್ಯಾರ! ಅಂಚು ಗರಿಗರಿ, ನಡುವ ಮೆತ್ತಗ. ಯಾರು ಮಾಡ್ಯಾರ ಕೇಳಿ, ಸ್ವಲ್ಪ ಕಲ್ತುಕೋ."

ಹದಿನಾಲ್ಕನೇ ನಂಬರಿನ ಐಟಮ್ಮು

ಆಸೆ ಬಿಟ್ಟುಬಿಟ್ಟಿದ್ದೆ. ಒಂದು ದಿನ ಆಫೀಸಿನ ಲಂಚ್ ರೂಮಿನಲ್ಲಿ, ತೈವಾನಿನಿಂದ ಬಂದಿರುವ ನನ್ನ ಸಹೋದ್ಯೋಗಿಯ ಹತ್ತಿರ ಈ ಗೋಳೆಲ್ಲ ತೋಡಿಕೊಂಡೆ. ಅವಳು ಚಾಪ್‌ಸ್ಟಿಕ್ ಕೆಳಗಿಟ್ಟು, "ನಮ್ಮಮ್ಮನೂ ಅಷ್ಟೇ. ಬೌದ್ಧರು, ಶುದ್ಧ ಸಸ್ಯಾಹಾರಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಮುಟ್ಟಲ್ಲ," ಅಂದಳು.

ನಿಮ್ಮಲ್ಲೂ ಮಾಧ್ವರಿದ್ದಾರಾ ಅಂತ ಕೇಳುವುದೊಂದು ಬಾಕಿ.

ಅವಳೇ ಒಂದು ಹೋಟೆಲು ಹೇಳಿದಳು. ಹೂಸ್ಟನ್ನಿನ ಚೈನಾಟೌನಿನಲ್ಲಿ, ಲಾಂಡ್ರಿಗೂ ಉಗುರಿಗೆ ಬಣ್ಣ ಹಾಕುವ ಅಂಗಡಿಗೂ ನಡುವೆ ಸಣ್ಣದೊಂದು ಜಾಗ. ರೇಟು ಕಮ್ಮಿ. ಫೋನಿನಲ್ಲಿ ಫೋರ್ ಪಾಯಿಂಟ್ ಎಯ್ಟ್. ನಮ್ಮನೆಯವರು ಅದನ್ನು ನೋಡಿಯೇ ಅರ್ಧ ಹೊಟ್ಟೆ ತುಂಬಿಸಿಕೊಂಡರು.

ಭಾನುವಾರ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಹೋದೆವು. ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಾಗಿಲಲ್ಲೇ ಬುದ್ಧನ ಫೋಟೋ, ಮುಂದೆ ಕಿತ್ತಳೆಹಣ್ಣು, ಊದುಬತ್ತಿ. ಅತ್ತೆ ಭಕ್ತಿಯಿಂದ ಚಪ್ಪಲಿ ಬಿಟ್ಟು ಒಳಗೆ ಬಂದರು. ಹೋಟೆಲು ನಡೆಸುವ ಅಜ್ಜಿ, ಅತ್ತೆಯ ವಯಸ್ಸಿನವರೇ, ಅದೇ ಮೊಣಕಾಲು ನೋವಿನ ನಡಿಗೆ. ಅತ್ತೆ ಅವರನ್ನೇ ತಡೆದು, "ಉಳ್ಳಾಗಡ್ಡಿ?" ಅಂತ ಕೈ ತಿರುಗಿಸಿದರು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆ ಅಜ್ಜಿ ರಾಮ ರಾಮಾ ಅನ್ನುವವರ ಹಾಗೆ ಎರಡೂ ಕೈ ಆಡಿಸಿ, ಇಲ್ಲವೇ ಇಲ್ಲ ಅಂದರು. ಅತ್ತೆಗೆ ಆ ಕೈ ಆಡಿಸಿದ ರೀತಿಯೇ ನಂಬಿಕೆ ತಂತು.

ನಾನು ಕುರ್ಚಿಗೆ ಒರಗಿ ಕೂತೆ. ಆಹಾ, ಕೊನೆಗೂ ನನ್ನ ಭಾನುವಾರ!

ಆರ್ಡರ್ ಮಾಡುವ ಕೆಲಸ ನಮ್ಮನೆಯವರಿಗೆ ಬಿಟ್ಟಿದ್ದು ತಪ್ಪಾಯಿತು. "ಹದಿನಾಲ್ಕನೇ ನಂಬರ್ ಎಲ್ಲಾರೂ ಹೊಗಳ್ಯಾರ," ಅಂತ ಅದನ್ನೇ ಹೇಳಿದ್ದರು. ಏನು ಅಂತ ಓದುವ ತೊಂದರೆ ತಗೊಂಡಿರಲಿಲ್ಲ. ದೊಡ್ಡ ತಟ್ಟೆ ಬಂತು. ಅದರಲ್ಲಿ ಒಂದು ಇಡೀ ಮೀನು. ಕಪ್ಪು ಚರ್ಮ, ಬಾಲ, ಮುಖ, ಮೈ ಮೇಲೆ ಶುಂಠಿ ಗೊಜ್ಜು.

ಅತ್ತೆ ಮೂಗಿಗೆ ಸೆರಗು ಹಿಡಿದು ಎದ್ದೇಬಿಟ್ಟರು. "ನನ್ನ ಚಪ್ಪಲಿ ಎಲ್ಲಿ ಅವ?"

ನಿಜ ಹೇಳುತ್ತೇನೆ, ನನಗೆ ಅಳು ಬಂತು. ಮನೆಗೆ ಹೋಗಿ ಕುಕ್ಕರ್ ಇಡುವ ಚಿತ್ರವೇ ಕಣ್ಣ ಮುಂದೆ. ಹೋಟೆಲಿನ ಅಜ್ಜಿ ಓಡಿ ಬಂದರು, ಚಮಚದಲ್ಲಿ ಮೀನನ್ನು ಬಿಡಿಸಿ ತೋರಿಸಿದರು. ಒಳಗೆಲ್ಲ ಸೋಯಾ ಹಾಲಿನ ಕೆನೆಯ ಪದರ. ಮುಳ್ಳಿಲ್ಲ, ಏನಿಲ್ಲ.

"ಅತ್ತೆ, ಇದು ಮೀನಲ್ಲ, ಕಾಳಿನಿಂದ ಮಾಡಿದ್ದು!" ಅಂದೆ.

"ಅಜ್ಜಿ, ಇಟ್ಸ್ ಫೇಕ್!" ಅಂದಳು ಮಗಳು.

"ಮೀನ ತಿನ್ನೂದಿಲ್ಲ ಅಂದ ಮ್ಯಾಲ ಮೀನಿನ ಹಂಗ ಯಾಕ ಮಾಡಬೇಕು?" ಅನ್ನುತ್ತಾ ಅತ್ತೆ ಬಾಗಿಲ ಕಡೆ ಹೊರಟರು.

ನೀರಿಗೆ ಬಿದ್ದವಳಿಗೆ ಹುಲ್ಲುಕಡ್ಡಿ ಸಿಕ್ಕಿದ ಹಾಗೆ ನನಗೊಂದು ಹೊಳೆಯಿತು. "ಅತ್ತೆ, ಗೌರಿ ಹುಣ್ಣಿಮೆಗೆ ನಿಮ್ಮ ಕಡೆ ಸಕ್ಕರೆ ಆನೆ, ಸಕ್ಕರೆ ಕುದುರೆ ಮಾಡಿ ತಿಂತೀರಲ್ಲ? ಆನೆ ತಿಂದ ಹಾಗಾಯಿತಾ?"

ಅತ್ತೆ ನಿಂತರು. ಯೋಚನೆ ಮಾಡಿದರು. ಮೆಲ್ಲಗೆ ಕೂತರು. "ಬಾಲದ ಕಡಿಂದ ಒಂದು ಚೂರು ಹಾಕು. ಅದರ ಮಾರಿ ಆ ಕಡೆ ತಿರುಗಸು."

ಮೀನಿನ ಮುಖ ನಮ್ಮನೆಯವರ ಕಡೆಗೆ ತಿರುಗಿಸಿದೆ. ಅತ್ತೆ ಕಣ್ಣು ಮುಚ್ಚಿ ಒಂದು ಚೂರು ತಿಂದರು. ಕಣ್ಣು ಬಿಟ್ಟು ಇನ್ನೊಂದು. ಆಮೇಲೆ ಅನ್ನ ಕಲೆಸಿಕೊಂಡು ಬಾಲದಿಂದ ಹೊರಟವರು ಕಿವಿರಿನ ತನಕ ಬಂದರು. ನಡುನಡುವೆ ಅಜ್ಜಿಯನ್ನು ನೋಡಿ, "ಉಳ್ಳಾಗಡ್ಡಿ?" ಅನ್ನುತ್ತಿದ್ದರು. ಅವರು ಅಲ್ಲಿಂದಲೇ ಕೈ ಆಡಿಸುತ್ತಿದ್ದರು.

ಈ ಗಲಾಟೆಯಲ್ಲಿ ನಮ್ಮ ಮಗಳು ಒಂದು ಫೋಟೋ ಹೊಡೆದು ಮನೆತನದ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಿದ್ದಳು. ಕೆಳಗೆ, "ಅಜ್ಜಿ ಈಟಿಂಗ್ ಫಿಶ್!" ಫೇಕ್ ಅನ್ನುವುದನ್ನು ಬರೆಯುವಷ್ಟು ವ್ಯವಧಾನ ಈಗಿನ ಮಕ್ಕಳಿಗೆ ಎಲ್ಲಿದೆ?

ಧಾರವಾಡದಿಂದ ಫೋನು ಹೊಡೆದುಕೊಂಡಿತು. ಅತ್ತೆಯ ಅಕ್ಕ. ಅತ್ತೆಗೆ ಕಿವಿ ಸ್ವಲ್ಪ ಮಂದ, ಸ್ಪೀಕರಿನಲ್ಲೇ ಮಾತು. ಹೋಟೆಲಿಗೆಲ್ಲಾ ಕೇಳಿಸಿತು.

"ಏನ ಮಾಡ್ಲಿಕ್ಕತ್ತೀ ಅಲ್ಲೆ? ಈ ವಯಸ್ಸಿನ್ಯಾಗ ಕುಲಾ ಕೆಡಿಸಿದೆಲ್ಲ! ಆ ಮೈಸೂರಾಕಿ ನಿನಗ ಮೀನ ತಿನ್ನಸ್ಲಿಕ್ಕತ್ತಾಳೇನು? ಇವತ್ತಿನಿಂದ ಹೊರಗ ಒಂದು ತುತ್ತು ಮುಟ್ಟಬ್ಯಾಡ. ಮೂರು ಹೊತ್ತೂ ಅಕೀ ಕಡಿಂದ ಮನ್ಯಾಗ ಮಾಡಿಸ್ಕೊಂಡು ಉಣ್ಣು!"

ಹೋಯಿತು, ಎಲ್ಲಾ ಹೋಯಿತು. ಅಕ್ಕನ ಮಾತು ಅಂದರೆ ಅತ್ತೆಗೆ ವೇದವಾಕ್ಯ. ಹೇಗೆ ಹೇಳುತ್ತಾರೋ, ಇದು ಮೀನಲ್ಲ ಅಂತ ಹೇಗೆ ಬಿಡಿಸಿ ತಿಳಿಸುತ್ತಾರೋ ಅಂತ ನಾವೆಲ್ಲಾ ಫೋನಿನ ಕಡೆ ಬಗ್ಗಿದೆವು.

ಅತ್ತೆ ನಿಧಾನವಾಗಿ ಬಾಯಲ್ಲಿದ್ದದ್ದನ್ನು ನುಂಗಿ, ಸೆರಗಿನಿಂದ ತುಟಿ ಒರೆಸಿಕೊಂಡು, ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು.

"ಹೌದಕ್ಕಾ, ತಿಂದೆ. ಭಾಳ ಛಲೋ ಅದ. ಮುಂದಿನ ಭಾನುವಾರನೂ ಬಂದು ತಿಂತೀನಿ. ಆದ್ರ ರಾಯರ ಆಣಿ ಮಾಡಿ ಹೇಳ್ತೀನಿ, ಉಳ್ಳಾಗಡ್ಡಿ ಮಾತ್ರ ಮುಟ್ಟಿಲ್ಲ!"