ದೇವರು ಕಳಿಸಿದ ಕಣಜಗಳು

ನನಗೆ ಎರಡು ದೌರ್ಬಲ್ಯಗಳಿವೆ. ನಾಲ್ಕು ಜನ ಕಂಡರೆ ಭಾಷಣ, ಭಾಷಣ ಮುಗಿದರೆ ಕಾಫಿ. ಮೊದಲನೆಯದನ್ನು ಹೆಂಡತಿ ಸಹಿಸುವುದಿಲ್ಲ, ಎರಡನೆಯದನ್ನು ಅವಳೇ ಮಾಡಿಕೊಡಬೇಕು. ಇವೆರಡೂ ಸೇರಿ ಒಮ್ಮೆ ಒಂದು ತೆಂಗಿನ ತೋಟವನ್ನೇ ಹಾಳುಮಾಡುವುದರಲ್ಲಿದ್ದವು.

ಅರವತ್ತರ ದಶಕದ ಆರಂಭ. ನಾನು ಚನ್ನರಾಯಪಟ್ಟಣದ ಕಡೆ ಗ್ರಾಮಸೇವಕ. ತೆಂಗಿಗೆ ಕಪ್ಪು ತಲೆಯ ಹುಳು ಬಿದ್ದು ಗರಿಗಳೆಲ್ಲ ಬೆಂಕಿ ಸೋಕಿದಂತೆ ಒಣಗಿದ್ದವು. ರಂಗೇಗೌಡರು ತಮ್ಮ ತೋಟಕ್ಕೆ ವಿಷದ ಪುಡಿ ಹೊಡೆಸಲು ಹೊರಟಿದ್ದರು. ನಾನು ಅಡ್ಡ ಹೋದೆ. ಪುಡಿಯಾದರೆ ಕೆಳಗೆ ಮೇಯುವ ದನಕ್ಕೂ ಅಪಾಯ. ಬದಲಿಗೆ, ಆ ಹುಳುವಿನ ಮೈಮೇಲೆಯೇ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಪುಟ್ಟ ಕಣಜಗಳನ್ನು ತಂದುಬಿಡುತ್ತೇನೆ ಎಂದೆ. ಪುಡಿ ಕಣಜಗಳನ್ನೂ ಕೊಲ್ಲುವುದರಿಂದ ಅವನ್ನು ಬಿಟ್ಟ ಮೇಲೆ ಪುಡಿಯ ಮಾತೆತ್ತುವಂತಿಲ್ಲ, ಕೆಲಸವೂ ನಿಧಾನ ಎಂಬುದನ್ನು ಸ್ವಲ್ಪ ಮೆಲ್ಲಗೆ ಹೇಳಿದೆ. ಗೌಡರು ಮರಗಳ ಕಡೆ ಕೈ ತೋರಿಸಿ, "ನಿಮ್ ಮಾತ್ ನಂಬ್ಕಂಡಿವ್ನಿ ಸಾ. ತ್ವಾಟ ಒಣಗಿದ್ರೆ ನಮ್ ಬದುಕೇ ಒಣಗ್ದಂಗೆ" ಅಂದರು.

ಕಣಜಗಳು ಕೃಷಿ ಇಲಾಖೆಯಿಂದ, ಪೆಟ್ಟಿಗೆಯೊಂದರ ಗಾಜಿನ ಕೊಳವೆಗಳಲ್ಲಿ, ಬಾಯಿಗೆ ತೆಳುಬಟ್ಟೆ ಕಟ್ಟಿಸಿಕೊಂಡು ಬಂದವು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಹೆತ್ತ ಮಗಳನ್ನೂ ಅಷ್ಟು ಜೋಪಾನವಾಗಿ ಎತ್ತಿಕೊಂಡವನಲ್ಲ. ಗೌಡರ ಜಗುಲಿಯ ಮುಂದೆ ಊರೇ ಸೇರಿತ್ತು. ಸುಮ್ಮನಿರಲಾದೀತೆ? ಇವು ದೇವರು ಕಳಿಸಿದ ನೆಂಟರು, ಹಾಗೆಯೇ ನೋಡಿಕೊಳ್ಳಿ ಎಂದು ಭಾಷಣ ಬಿಗಿದೆ. ಗೌಡರ ಅನುಮಾನ ಒಂದೇ: ಹುಳು ಮುಗಿದ ಮೇಲೆ ಈ ನೆಂಟರು ಎಳನೀರಿಗೆ ಕೈ ಹಾಕುವುದಿಲ್ಲ ತಾನೆ? ಇಲ್ಲ, ಹುಳು ಮುಗಿದರೆ ಇವಕ್ಕೂ ಉಪವಾಸವೇ ಎಂದು ಸಮಾಧಾನ ಹೇಳಿ ಕಾಫಿಗೆ ಒಳಗೆ ಹೋದೆ.

ಹೊರಬಂದರೆ ಜಗುಲಿಯ ತುಂಬ ಹೊಗೆ. ಗೌಡರ ತಾಯಿ ಪೆಟ್ಟಿಗೆ ತೆರೆದು ಕೊಳವೆಗಳಿಗೆ ಸಾಂಬ್ರಾಣಿ ಹಿಡಿದಿದ್ದರು. "ದ್ಯಾವ್ರು ಕಳ್ಸಿದ್ ನೆಂಟ್ರು ಅಂತ ನೀವೇ ಏಳಿದ್ರಲ್ಲಪ್ಪ. ಅದ್ಕೇ ವಸಿ ಧೂಪ ಆಕ್ದೆ" ಎಂದರು. ಒಳಗೆ ನೆಂಟರೆಲ್ಲ ಅಂಗಾತ ಮಲಗಿದ್ದರು. ಅಜ್ಜಿಯನ್ನು ಬೈಯಲು ನನಗೆ ಯಾವ ಮುಖವಿತ್ತು? ಕೊಳವೆಗಳನ್ನು ಎತ್ತಿಕೊಂಡು ತೋಟಕ್ಕೆ ಓಡಿ, ಗಾಳಿಗೊಡ್ಡಿ ಕುಕ್ಕರುಗಾಲಿನಲ್ಲಿ ಕೂತೆ. ಎಷ್ಟೋ ಹೊತ್ತಿಗೆ ಒಂದು ಕಣಜ ಕಾಲಾಡಿಸಿತು. ಆಮೇಲೆ ಇನ್ನೊಂದು. ಒಂದೊಂದಾಗಿ ಎದ್ದು ಗಾಜು ಹತ್ತುವುದನ್ನು ಕಂಡು ನನಗೆ ಅಳುವೇ ಬಂತು. ಬಟ್ಟೆ ಬಿಚ್ಚಿ ಅವನ್ನು ಮರಗಳಿಗೆ ಬಿಟ್ಟೆ.

ಕೆಲವು ತಿಂಗಳಲ್ಲಿ ಹೊಸ ಗರಿಗಳು ಹಸಿರಾಗಿಯೇ ನಿಂತವು. ಗೌಡರೂ ನಿರಾಳವಾದರು. ಊರು ಮಾತ್ರ ಅದನ್ನು ಅಜ್ಜಿಯ ಧೂಪದ ಮಹಿಮೆ ಎಂದಿತು. ನಾನು ಬುದ್ಧಿ ಕಲಿತೆ. ಮುಂದಿನ ಊರುಗಳಲ್ಲಿ ಪೆಟ್ಟಿಗೆ ಇಳಿಸುವಾಗಲೇ, ಇವು ಹುಳು ಹಿಡಿಯಲು ಬಂದ ಕೂಲಿಯಾಳುಗಳು ಅಷ್ಟೇ ಎನ್ನತೊಡಗಿದೆ. ಒಬ್ಬರೂ ಧೂಪ ತರಲಿಲ್ಲ. ಕಾಫಿಯನ್ನೂ ತರಲಿಲ್ಲ, ಕೂಲಿಯಾಳು ಕರೆತಂದವನು ಅವರ ಕಣ್ಣಿಗೆ ಬರೀ ಮೇಸ್ತ್ರಿ.